ಬೇಡ ಅಂದರೆ ಏನಾಗುತ್ತದೆ?

ನಮ್ಮ ಹೊಲಿಗೆ ಶೆಡ್ಡಿನಲ್ಲಿ ಟೀ ಗಂಟೆ ಹೊಡೆದರೆ ಎಲ್ಲರ ಕೈಯೂ ಲೋಟಕ್ಕೆ ಹೋಗುತ್ತದೆ. ಕಾಲರಮ್ಮನ ಕೈ ಮಾತ್ರ ಫೋನಿಗೆ ಹೋಗುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಗಂಡನ ವಿಡಿಯೋ ಕಾಲ್. ಅವಳು ಎದ್ದು ನಿಂತು ಫೋನನ್ನು ಮೆಲ್ಲಗೆ ಸುತ್ತ ತಿರುಗಿಸಿ ಮಿಷನ್ನುಗಳು, ಬಟ್ಟೆಯ ರಾಶಿ, ಬಾಗಿಲು, ನಾವು, ಎಲ್ಲವನ್ನೂ ತೋರಿಸಬೇಕು. ಅಷ್ಟು ಹೊತ್ತಿಗೆ ಅವಳ ಟೀ ತಣ್ಣಗಾಗಿರುತ್ತಿತ್ತು.

"ಏನು ಪುಣ್ಯ ಮಾಡಿದ್ಯೇ! ಮಗು ಆದ್ಮೇಲೂ ನಿನ್ನ ಮುಖ ನೋಡ್ದೆ ಇರೋಕಾಗಲ್ಲ ಅವ್ರಿಗೆ," ಎಂದು ತೋಳಕ್ಕ ಛೇಡಿಸುತ್ತಿದ್ದಳು. "ನಾನು ನಾಲ್ಕು ದಿನ ಕಾಣೆಯಾದ್ರೂ ನಮ್ಮನೆಯವರಿಗೆ ಹಸಿವಾದಾಗ್ಲೇ ಗೊತ್ತಾಗೋದು."

ನಾವೆಲ್ಲ ನಗುತ್ತಿದ್ದೆವು. ಕಾಲರಮ್ಮನೂ ನಗುತ್ತಿದ್ದಳು.

ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮಲ್ಲಿ ಯಾರು ಏನು ಹೊಲಿಯುತ್ತಾರೋ ಅದೇ ಅವರ ಹೆಸರು. ಕಾಲರ್ ಹೊಲಿಯುವವಳು ಕಾಲರಮ್ಮ, ತೋಳು ಕೂರಿಸುವವಳು ತೋಳಕ್ಕ. ನಾನು ಇಸ್ತ್ರಿಯಕ್ಕ. ಬಾಯಿಯೂ ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ ಎಂದು ಬೆನ್ನ ಹಿಂದೆ ಹೇಳುತ್ತಾರಂತೆ. ಹೇಳಿಕೊಳ್ಳಲಿ.

ಕಾಲರಮ್ಮನ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳ ಜೀವ ಹೋಗಿ ಬಂದಂತಾಗಿತ್ತು. ಕನಿಷ್ಠ ಎರಡು ವರ್ಷ ಇನ್ನೊಂದು ಬಸಿರು ಬೇಡ, ಬಸಿರಾದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಗಂಡನ ಎದುರಿಗೇ ಹೇಳಿ, ಬಸಿರು ತಡೆಯುವ ಮಾತ್ರೆ ಕೊಟ್ಟು ಕಳಿಸಿದ್ದರು. ಇಷ್ಟು ನಮಗೆಲ್ಲ ಗೊತ್ತಿತ್ತು. ಆ ಮಾತ್ರೆಗಳು ಏನಾದವು ಎನ್ನುವುದು ಗೊತ್ತಿರಲಿಲ್ಲ.

ಆರೋಗ್ಯ ಕೇಂದ್ರದ ನರ್ಸಕ್ಕ ಆಗಾಗ ನಮ್ಮ ಶೆಡ್ಡಿಗೆ ಬರುತ್ತಾರೆ. ಆ ಸಲ ಬಂದವರು ಬಿಪಿ ನೋಡಿ ಮುಗಿಸಿ ಹೇಳಿದರು: "ಜ್ವರಕ್ಕೆ ಒಂದು ಅಳತೆ ಇದೆ, ಬಿಪಿಗೆ ಒಂದು ಅಳತೆ ಇದೆ. ಗಂಡ ಹೆಂಡತಿ ನಡುವೆ ಯಾರ ಕೈಯಲ್ಲಿ ಎಷ್ಟು ಅಧಿಕಾರ ಇದೆ ಅನ್ನೋದನ್ನೂ ಅಳೀಬಹುದು. ಒಬ್ಬೊಬ್ಬರನ್ನೇ ಕರೆದು ಕೆಲವು ಪ್ರಶ್ನೆ ಕೇಳ್ತೀನಿ. ಯಾವಾಗ್ಲೂ, ಕೆಲವು ಸಲ, ಇಲ್ವೇ ಇಲ್ಲ, ಇಷ್ಟು ಹೇಳಿದ್ರೆ ಸಾಕು. ಯಾರ ಹೆಸರೂ ಬರ್ಕೊಳ್ಳಲ್ಲ."

"ಹೊಡೆಯೋರ ಮನೆಗೆ ಸರಿ ನರ್ಸಕ್ಕ," ಎಂದಳು ಕಾಲರಮ್ಮ. "ನಮ್ಮೆಜಮಾನ್ರು ಇದುವರೆಗೂ ಕೈ ಎತ್ತಿಲ್ಲ. ನಮ್ಮನೇಲಿ ಅಳೆಯೋಕೇನಿದೆ?"

"ಇಲ್ದಿದ್ರೆ ಇಲ್ಲ ಅಂತ ಗೊತ್ತಾಗುತ್ತೆ. ಒಳ್ಳೇದೇ ಅಲ್ವಾ?"

ಬಟ್ಟೆಯ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಕೇಳಿದರು. ಒಬ್ಬೊಬ್ಬರೂ ಹೋದಷ್ಟೇ ಬೇಗ ಹೊರಗೆ ಬಂದರು. ಕೊನೆಗೆ ನರ್ಸಕ್ಕ ನನ್ನ ಇಸ್ತ್ರಿ ಮೇಜಿನ ಹತ್ತಿರ ಬಂದು ಹಣೆ ಒತ್ತಿಕೊಂಡು ಕೂತರು.

"ಈ ಶೆಡ್ಡಲ್ಲಿ ಇರೋರೆಲ್ಲ ಸ್ವರ್ಗದಿಂದ ಬಂದಿದ್ದಾರೇನಮ್ಮ? ಏನು ಕೇಳಿದ್ರೂ ಇಲ್ವೇ ಇಲ್ಲ, ಇಲ್ವೇ ಇಲ್ಲ. ಒಬ್ಬಳಿಗೂ ಒಂದು ಸಣ್ಣ ತೊಂದರೆ ಇಲ್ಲ."

ನನಗೆ ನಗು ಬಂತು. ಚೆಕಿಂಗ್ ಮೇಜಿನ ಕಡೆ ಕೈ ತೋರಿಸಿದೆ. ನಮ್ಮಲ್ಲಿ ಹೊಲಿದ ಪ್ರತಿ ಅಂಗಿಯೂ ಆ ಮೇಜಿಗೆ ಹೋಗುತ್ತದೆ. ತಪ್ಪು ಸಿಕ್ಕರೆ ಕೆಂಪು ದಾರ ಕಟ್ಟಿಸಿಕೊಂಡು ಹೊಲಿದವಳ ಮಡಿಲಿಗೇ ವಾಪಸ್ ಬಂದು ಬೀಳುತ್ತದೆ. ಬಟ್ಟೆಯಲ್ಲೇ ತೂತಿದ್ದರೂ ಬೈಸಿಕೊಳ್ಳುವವಳು ಹೊಲಿದವಳೇ. ಹಾಗಾಗಿ ತಪ್ಪಿದೆಯಾ ಎಂದು ಯಾರಾದರೂ ಕೇಳಿದರೆ ನಾವು ನೋಡುವ ಮೊದಲೇ ಇಲ್ಲ ಎನ್ನುತ್ತೇವೆ. ಅದು ನಮ್ಮ ಕೈಗೂ ಬಾಯಿಗೂ ಅಂಟಿದ ಅಭ್ಯಾಸ.

"ನೀವು ಅವರ ಸಂಸಾರನ ಚೆಕಿಂಗಿಗೆ ತಗೊಂಡಿದ್ದೀರಾ ಅಂದ್ಕೊಂಡಿದ್ದಾರೆ ನರ್ಸಕ್ಕ," ಎಂದೆ. "ತಪ್ಪು ಒಪ್ಪಿಕೊಂಡ್ರೆ ತಮ್ಮ ತಲೆಗೇ ಬರುತ್ತೆ ಅಂತ ಎಲ್ರೂ ಪಾಸ್ ಮಾಡಿಸ್ಕೊಂಡು ಬಂದಿದ್ದಾರೆ."

ನರ್ಸಕ್ಕ ಎದ್ದುಹೋದರು. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, "ನೋಡಿ, ನಾನು ನಿಮ್ಮನ್ನ ಚೆಕ್ ಮಾಡ್ತಿಲ್ಲ. ಉತ್ತರ ಏನೇ ಬಂದ್ರೂ ಅದು ನಿಮ್ಮ ತಪ್ಪಲ್ಲ. ಯಾರ ಮಡಿಲಿಗೂ ವಾಪಸ್ ಬರಲ್ಲ. ಮತ್ತೊಂದು ಸಲ ಒಳಗೆ ಬನ್ನಿ," ಎಂದರು.

ಈ ಸಲ ಬಾಗಿಲು ತೆರೆಯುವುದಕ್ಕೆ ಹೊತ್ತು ಹಿಡಿಯಿತು. ತೋಳಕ್ಕ ಮೂಗು ಒರೆಸಿಕೊಳ್ಳುತ್ತ ಬಂದು ಮಿಷನ್ ಮುಂದೆ ಕೂತವಳು ತಮಾಷೆಯ ಮಾತೇ ಎತ್ತಲಿಲ್ಲ. ಕೊನೆಗೆ ಒಳಗೆ ಹೋದವಳು ಕಾಲರಮ್ಮ. ಅವಳು ಒಳಗಿದ್ದಾಗಲೇ ಟೀ ಗಂಟೆ ಹೊಡೆಯಿತು. ಮಿಷನ್ ಮೇಲಿಟ್ಟಿದ್ದ ಅವಳ ಫೋನ್ ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು.

ಸ್ಟೋರ್ ರೂಮಿನ ಬಾಗಿಲು ದಡಾರನೆ ತೆರೆಯಿತು. ಕಾಲರಮ್ಮ ಓಡಿ ಬಂದಳು. ದಾರಿಯಲ್ಲಿದ್ದ ಸ್ಟೂಲಿಗೆ ಮೊಣಕಾಲು ಬಡಿದದ್ದೂ ಅವಳಿಗೆ ತಿಳಿಯಲಿಲ್ಲ. "ಇಲ್ಲೇ ಇದ್ದೀನಿ ರೀ... ಬಾತ್‌ರೂಮಿಗೆ ಹೋಗಿದ್ದೆ... ಇಲ್ಲ, ಯಾರ ಜೊತೇನೂ ಇಲ್ಲ... ನೋಡಿ, ತೋರಿಸ್ತೀನಿ." ಫೋನನ್ನು ನಮ್ಮ ಒಬ್ಬೊಬ್ಬರ ಮುಖದ ಮೇಲೂ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದಳು. ಆ ಹೊತ್ತು ನಮ್ಮಲ್ಲಿ ಯಾರೂ ನಗಲಿಲ್ಲ.

ಮಧ್ಯಾಹ್ನ ಅವಳು ನನ್ನ ಮೇಜಿಗೆ ಬಂದಳು. ಇಸ್ತ್ರಿಪೆಟ್ಟಿಗೆಯ ಆವಿಯ ಸದ್ದಿನಲ್ಲಿ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಗುಟ್ಟು ಇರುವವರೆಲ್ಲ ಬರುವುದು ಅಲ್ಲಿಗೇ.

"ಹೊರಗೆ ಹೋಗೋಕೆ ಯಾರನ್ನ ಕೇಳ್ಬೇಕು ಅಂದ್ರು, ಅವ್ರನ್ನ ಅಂದೆ. ಫೋನ್ ಯಾರು ನೋಡ್ತಾರೆ ಅಂದ್ರು, ಅವ್ರು ಅಂದೆ. ಆಮೇಲೆ, ನೀನು ಬೇಡ ಅಂದ್ರೆ ಏನಾಗುತ್ತೆ ಅಂತ ಕೇಳಿದ್ರು ಇಸ್ತ್ರಿಯಕ್ಕ. ನಾನು ಯಾವತ್ತೂ ಬೇಡ ಅಂದೇ ಇಲ್ಲ ಅಂದೆ. ಯಾಕೆ ಅಂದಿಲ್ಲ ಅಂತ ಕೇಳಿದ್ರು. ಅಲ್ಲಿ ನಾಲಿಗೆ ಕಚ್ಚಿ ಹಿಡಿದ ಹಾಗಾಯ್ತು."

"ಯಾಕೇ?"

"ಮಾತ್ರೆ ಕಾಣೆಯಾಗಿದೆ. ಕೇಳಿದ್ರೆ, ಗಂಡು ಮಗು ಬೇಡ್ವಾ ನಿಂಗೆ, ನನ್ನ ಮೇಲೆ ನಂಬಿಕೆ ಇದ್ರೆ ಇದೆಲ್ಲ ಯಾಕೆ ಅಂತಾರೆ. ಹೊಡೆಯಲ್ಲ. ಮಾತು ಬಿಡ್ತಾರೆ. ಮಗೂನ ಎತ್ಕೊಂಡು ಒಳಗಿಂದ ಚಿಲಕ ಹಾಕ್ಕೊಳ್ತಾರೆ. ಅದು ಹಾಲಿಗೆ ಅಳ್ತಾ ಇರುತ್ತೆ, ನಾನು ಬಾಗಿಲ ಹೊರಗೆ ನಿಂತು ತಪ್ಪಾಯ್ತು ಅನ್ಬೇಕು." ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು. "ಈ ತಿಂಗಳು ಇನ್ನೂ ಮುಟ್ಟಾಗಿಲ್ಲ."

ನನ್ನ ತಲೆ ಕಾದುಹೋಯಿತು. "ಇವತ್ತೇ ಮನೆಗೆ ಹೋಗಿ ಕೇಳು! ಕೊಟ್ಟ ಮಾತ್ರೆ ಬಿಸಾಡೋಕೆ ಅವನ್ಯಾರು ಅಂತ ಮುಖಕ್ಕೆ ಹೊಡೆದ ಹಾಗೆ ಕೇಳು!" ಎಂದುಬಿಟ್ಟೆ.

ಹೊರಡಲು ಚೀಲ ಎತ್ತಿಕೊಂಡಿದ್ದ ನರ್ಸಕ್ಕನನ್ನು ಕಾಲರಮ್ಮನೇ ಕರೆದು ಎಲ್ಲವನ್ನೂ ಹೇಳಿದಳು. ಅವರು ಮೊದಲು ನನ್ನ ಬಾಯಿಗೆ ಬೀಗ ಹಾಕಿದರು.

"ಹಾಗೆಲ್ಲ ಹುರಿದುಂಬಿಸ್ಬೇಡ. ಅಳತೆ ಇಷ್ಟು ಮೇಲೆ ಬಂದಿರೋ ಮನೇಲಿ ಹೆಂಡತಿ ಒಂದೇ ಸಲ ಎದುರು ನಿಂತ್ರೆ, ಇದುವರೆಗೂ ಎತ್ತದ ಕೈ ಅವತ್ತು ಎದ್ದೇಳಬಹುದು. ಮೊದಲು ಅವಳು ಕ್ಷೇಮವಾಗಿರೋ ದಾರಿ ನೋಡೋಣ." ಆಮೇಲೆ ಅವಳ ಕಡೆ ತಿರುಗಿದರು. "ಮಗೂಗೆ ಲಸಿಕೆ ಹಾಕಿಸೋ ದಿನ ಬರ್ತೀಯಲ್ಲ? ಅವತ್ತೇ ಪರೀಕ್ಷೆ ಮಾಡೋಣ. ಬಸಿರು ನಿಂತಿಲ್ಲ ಅಂದ್ರೆ ಇಂಜೆಕ್ಷನ್ ಇದೆ. ಒಂದು ಸಲ ತಗೊಂಡ್ರೆ ಮೂರು ತಿಂಗಳು ಚಿಂತೆ ಇಲ್ಲ. ಬಚ್ಚಿಡೋಕೂ ಏನಿಲ್ಲ, ಬಿಸಾಡೋಕೂ ಏನಿಲ್ಲ. ನಮ್ಮ ಕೇಂದ್ರದಲ್ಲಿ ಗಂಡನ ಸಹಿ ಕೇಳಲ್ಲ. ಅಷ್ಟರೊಳಗೆ ಮಗೂದು ಎರಡು ಬಟ್ಟೆ, ನಿನ್ನ ಮುಖ್ಯವಾದ ಕಾಗದಗಳು ಈ ಇಸ್ತ್ರಿಯಕ್ಕನ ಮನೆ ಸೇರ್ಲಿ."

"ಅತ್ತೆ ಇಲ್ದೆ ನನ್ನನ್ನ ಎಲ್ಲಿಗೂ ಕಳ್ಸಲ್ಲ ಅವ್ರು," ಎಂದಳು ಕಾಲರಮ್ಮ. "ಕೆಲಸ ಒಂದು ಬಿಟ್ಟು."

ಅಯ್ಯೋ, ಅತ್ತೆ! ಆ ಅತ್ತೆಯನ್ನು ನಾನು ಬಲ್ಲೆ. ಹಿಂದೆ ನಮ್ಮ ಶೆಡ್ಡಿನ ಚೆಕಿಂಗ್ ಮೇಜಿನಲ್ಲಿದ್ದವಳು. ಒಂದು ಹೊಲಿಗೆ ಜಾರಿದ್ದರೂ ಬಾಗಿಲಿನಿಂದಲೇ ಕಂಡುಹಿಡಿಯುತ್ತಿದ್ದಳು. ನಾವು ಅವಳಿಗಿಟ್ಟ ಹೆಸರು ಭೂತಗನ್ನಡಿ. ಅವಳ ಕಣ್ಣು ತಪ್ಪಿಸಿ ಇಂಜೆಕ್ಷನ್ ತಗೊಳ್ಳುವುದು ಆಗದ ಹೋಗದ ಮಾತು ಎಂದೇ ನನಗೆ ಅನ್ನಿಸಿತು.

ಲಸಿಕೆಯ ದಿನ ನಾನೂ ಮಣಿಕಟ್ಟಿನ ಸುಟ್ಟ ಗಾಯಕ್ಕೆ ಪಟ್ಟಿ ಹಾಕಿಸುವ ನೆಪದಲ್ಲಿ ಹೋದೆ. ಗಾಯ ನಿಜವೇ, ಅವಸರ ಮಾತ್ರ ನೆಪ. ಭೂತಗನ್ನಡಿ ಸೊಸೆಯ ಭುಜಕ್ಕೆ ಭುಜ ತಾಗಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಮಗುವಿಗೆ ಲಸಿಕೆ ಆಯಿತು. ನರ್ಸಕ್ಕ ಹೊರಗೆ ಬಂದು, "ಇಲ್ಲಿಗೆ ಬಂದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸ್ತೀವಿ. ಮೊದಲು ನೀವು ಬನ್ನಿ ಅಮ್ಮ," ಎಂದು ಕರೆದದ್ದು ಅತ್ತೆಯನ್ನು!

"ನನ್ನನ್ನೇನು ಕೇಳೋದು? ನಮ್ಮೆಜಮಾನ್ರು ಹೋಗಿ ಎಷ್ಟೋ ವರ್ಷ ಆಯ್ತು."

"ಅವ್ರಿದ್ದಾಗಿನ ಮಾತೇ ಹೇಳಿ."

ಮೂತಿ ತಿರುವಿಕೊಂಡೇ ಒಳಗೆ ಹೋದಳು. ನಾನು ಮಗುವನ್ನು ಎತ್ತಿಕೊಂಡೆ. ಕಾಲರಮ್ಮ ಫೋನನ್ನೇ ನೋಡುತ್ತ ಕೂತಿದ್ದಳು. ತುಂಬ ಹೊತ್ತಾಯಿತು. ಹೊರಗೆ ಬಂದಾಗ ಭೂತಗನ್ನಡಿಯ ಮುಖ ಬಿಳಿಚಿತ್ತು. ಬೆಂಚಿನ ತುದಿಯಲ್ಲಿ ಕೂತು, ಸೊಸೆಯ ಮುಖ ನೋಡದೆ ಮಾತಾಡಿದಳು.

"ನಿನ್ನ ಮಾತ್ರೆ ನಾನು ಕಸದ ಬುಟ್ಟೀಲಿ ನೋಡಿದ್ದೆ."

ಕಾಲರಮ್ಮ ಫೋನಿನಿಂದ ತಲೆ ಎತ್ತಿದಳು.

"ಪಟ್ಟಿ ಪಟ್ಟಿನೇ ಬಿದ್ದಿತ್ತು. ನಿನ್ನ ಕಣ್ಣಿಗೆ ಬಿದ್ರೆ ಮನೇಲಿ ರಂಪ ಆಗುತ್ತೆ ಅಂತ ತರಕಾರಿ ಸಿಪ್ಪೆ ಸುರಿದು ಮುಚ್ಚಿದೆ. ಊರವರ ಅಂಗಿನೆಲ್ಲ ಒಳಮಗ್ಗುಲು ತಿರುವಿ ನೋಡಿದವಳು ನಾನು. ನನ್ನ ಮನೇದು ಕಂಡೂ ಮುಚ್ಚಿಟ್ಟೆ ಕಣೇ." ಅವಳು ಸೆರಗು ಸರಿಮಾಡಿಕೊಂಡಳು. "ಇವನು ಹುಟ್ಟಿದ್ಮೇಲೆ ನನಗೆ ಇನ್ನೊಂದು ಬೇಡವಾಗಿತ್ತು. ಬೇಡ ಅನ್ನೋ ಧೈರ್ಯ ಇರ್ಲಿಲ್ಲ. ಮತ್ತೆ ಬಸಿರಾದೆ, ಹೆರಿಗೇಲಿ ಮಗು ಹೋಯ್ತು. ನಾನು ಉಳಿದಿದ್ದೇ ಹೆಚ್ಚು. ಇವತ್ತಿನವರೆಗೂ ಯಾರೂ ನನ್ನನ್ನ ಒಂದು ಮಾತು ಕೇಳಿರ್ಲಿಲ್ಲ."

ಹೆಂಗಸರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಅಂಥದ್ದು ಅವರ ಮನೆಯಲ್ಲಿ ರೂಢಿಯಿಲ್ಲ. ಅತ್ತೆ ಕೈ ಚಾಚಿ, "ಫೋನ್ ಇಲ್ಲಿ ಕೊಟ್ಟು ಒಳಗೆ ಹೋಗು," ಎಂದಳು ಅಷ್ಟೆ.

ಪರೀಕ್ಷೆಯ ಫಲ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸಿರು ನಿಂತಿದ್ದರೆ? ಡಾಕ್ಟರ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು. ಅವನೇ. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಹೆಂಡತಿಯ ಫೋನ್ ಎಲ್ಲಿದೆ, ಅಲ್ಲಿ ಎಷ್ಟು ಹೊತ್ತಿನಿಂದ ಇದೆ ಎಂದು ಕೂತಲ್ಲಿಂದಲೇ ನೋಡುತ್ತಿದ್ದ.

"ಅಮ್ಮಾ? ಅವಳೆಲ್ಲಿ? ಲಸಿಕೆಗೆ ಇಷ್ಟು ಹೊತ್ತಾ?"

"ಒಳಗಿದ್ದಾಳೆ."

"ಒಳಗೆ ಏನು ಕೆಲಸ? ಫೋನ್ ಒಳಗೆ ತಗೊಂಡ್ಹೋಗಿ ತೋರಿಸು."

"ಹೆಂಗಸರ ಕೋಣೆ ಕಣೋ ಅದು. ತೋರಿಸಲ್ಲ."

"ಅಮ್ಮಾ, ತೋರಿಸು ಅಂದೆ."

"ತೋರಿಸಲ್ಲ ಅಂದೆ," ಎಂದು ಭೂತಗನ್ನಡಿ ಫೋನ್ ಕಟ್ ಮಾಡಿದಳು. ಮಾಡಿದ ಮೇಲೆ ಅದು ಕಚ್ಚೀತೇನೋ ಎಂಬಂತೆ ಬೆಂಚಿನ ಮೇಲೆ ದೂರ ಇಟ್ಟಳು.

ಬಾಗಿಲು ತೆರೆಯಿತು. ಕಾಲರಮ್ಮ ನಮ್ಮನ್ನು ನೋಡಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಬಸಿರು ನಿಂತಿರಲಿಲ್ಲ. ನಿಶ್ಶಕ್ತಿಗೆ ಮುಟ್ಟು ತಡವಾಗಿತ್ತು. ಇಂಜೆಕ್ಷನ್ ಆಯಿತು. ಮುಂದಿನದು ಯಾವಾಗ, ಅಡ್ಡಪರಿಣಾಮ ಏನೇನಾಗಬಹುದು, ಏನಾದರೆ ತಕ್ಷಣ ಬರಬೇಕು ಎಂದೆಲ್ಲ ನರ್ಸಕ್ಕ ಬಿಡಿಸಿ ಹೇಳಿದರು. "ಈಗಲೇ ಮನೆಗೆ ಹೋಗೋದು ಕ್ಷೇಮ ಅನ್ನಿಸುತ್ತಾ?" ಎಂದೂ ಕೇಳಿದರು. "ನಾನಿದ್ದೀನಿ," ಎಂದಳು ಅತ್ತೆ. ನಾನೂ ಜೊತೆಗೆ ಹೊರಟೆ.

ಅವನು ಅಂಗಡಿಯ ಷಟರ್ ಎಳೆದು ನಮಗಿಂತ ಮೊದಲೇ ಮನೆಗೆ ಬಂದಿದ್ದ. ನಡುಮನೆಯಲ್ಲಿ ನಿಂತಿದ್ದ. ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು.

"ಒಳಗೆ ಏನು ಮಾಡಿಸ್ಕೊಂಡೆ?"

ಕಾಲರಮ್ಮ ಅತ್ತೆಯ ಪಕ್ಕಕ್ಕೆ ಸರಿದು ನಿಂತಳು.

"ಮಗು ಕೊಡು ಇಲ್ಲಿ."

ಮಗು ನನ್ನ ಸೊಂಟದ ಮೇಲಿತ್ತು. ನಾನು ಹೊಸ್ತಿಲ ಆಚೆಗೆ ಒಂದು ಹೆಜ್ಜೆ ಹಿಂದೆ ಸರಿದೆ. ಇಸ್ತ್ರಿಪೆಟ್ಟಿಗೆಯಂಥ ನನ್ನ ಬಾಯಿ ಆಗ ಒಣಗಿಹೋಗಿತ್ತು.

"ಯಾಕೆ, ಚಿಲಕ ಹಾಕ್ಕೊಳ್ಳೋಕಾ?" ಎಂದಳು ಭೂತಗನ್ನಡಿ.

"ನೀನು ಸುಮ್ನಿರಮ್ಮ. ನಾನೇನು ಅವಳನ್ನ ಹೊಡೀತೀನಾ? ಬಡೀತೀನಾ? ಅವಳ ಒಳ್ಳೇದಕ್ಕೇ ಕೇಳ್ತಿರೋದು."

"ನಿಮ್ಮಪ್ಪನೂ ಹೊಡೆದಿದ್ದು ಒಂದೋ ಎರಡೋ ಸಲ ಅಷ್ಟೆ ಕಣೋ. ಆಮೇಲೆ ಹೊಡೆಯೋ ಅಗತ್ಯಾನೇ ಬೀಳ್ಲಿಲ್ಲ. ಅವ್ರ ಚಪ್ಪಲಿ ಸದ್ದು ಕೇಳಿದ್ರೆ ನೀನು ಮಂಚದ ಕೆಳಗೆ ಸೇರ್ಕೊಳ್ತಿದ್ದೆ, ಮರೆತೋಯ್ತಾ?"

ಅವನ ಮುಖ ಒಂದು ಗಳಿಗೆ ಮಗುವಿನ ಮುಖದಂತಾಯಿತು. ಮರುಗಳಿಗೆ ಮತ್ತೆ ಗಡುಸಾಯಿತು. "ನನಗೆ ಗಂಡು ಮಗು ಬೇಕು," ಎಂದ.

ಆಗ ಕಾಲರಮ್ಮ ಬಾಯಿ ಬಿಟ್ಟಳು. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ನನಗೆ ಬೇಡ. ಡಾಕ್ಟರು ಹೇಳಿದಷ್ಟು ದಿನ ಮುಗಿಯೋವರೆಗೆ ನಾನು ಇನ್ನೊಂದು ಹೆರಲ್ಲ. ನಾನು ಸತ್ತೋಗ್ತೀನಿ ರೀ. ಬೇಡ."

ಅವನು ತಾಯಿಯ ಕೈಯಲ್ಲಿದ್ದ ಫೋನನ್ನು ಕಿತ್ತು ಗೋಡೆಗೆ ಬೀಸಿದ. ಗಾಜಿನ ಚೂರು ನೆಲದ ತುಂಬ ಹರಡಿತು. ಮಗು ಕಿಟಾರನೆ ಕಿರುಚಿಕೊಂಡಿತು. ಕಾಲರಮ್ಮ ಹೊಸ್ತಿಲು ದಾಟಿ ಬಂದು ಮಗುವನ್ನು ಎತ್ತಿಕೊಂಡಳು. ಮಗುವಿನ ಬಟ್ಟೆ, ಅವಳ ಕಾಗದ ಕೆಲಸದ ಚೀಲದಲ್ಲಿ ಬಂದು ಆಗಲೇ ನನ್ನ ಮನೆ ಸೇರಿತ್ತು. "ನಡಿ," ಎಂದೆ. ನಡೆದಳು.

ಹಿಂದಿನಿಂದ ಚಪ್ಪಲಿ ಮೆಟ್ಟಿದ ಸದ್ದು ಕೇಳಿ ತಿರುಗಿ ನೋಡಿದೆ.

"ಅಮ್ಮಾ, ನೀನೆಲ್ಲಿಗೆ?"

"ಅತ್ತೆ ಇಲ್ದೆ ಅವಳು ಎಲ್ಲಿಗೂ ಹೋಗ್ಬಾರದು ಅಂತ ನೀನೇ ತಾನೇ ಹೇಳಿದ್ದು?" ಎಂದಳು ಭೂತಗನ್ನಡಿ. "ಅದಕ್ಕೇ ನಾನೂ ಹೊರಟೆ."

ಎರಡು ಕೋಣೆಯ ನನ್ನ ಮನೆಯಲ್ಲಿ ಅವರು ಕೆಲವು ವಾರ ಇದ್ದರು. ಅವನು ಮೊದಲು ಕೂಗಾಡಿದ, ಆಮೇಲೆ ಅತ್ತ. ಎರಡಕ್ಕೂ ಬಾಗಿಲು ತೆರೆಯಬಾರದು ಎಂದು ನರ್ಸಕ್ಕ ಮೊದಲೇ ಎಚ್ಚರಿಸಿದ್ದರು. ಕೊನೆಗೆ ಆರೋಗ್ಯ ಕೇಂದ್ರದ ಆಪ್ತಸಲಹೆಗಾರರ ಮುಂದೆ ಕೂತು ಮಾತಾಡಲು ಒಪ್ಪಿದ. ಹೆರಿಗೆಯ ಆ ದಿನ ಏನೇನಾಯಿತು ಎಂದು ಡಾಕ್ಟರು ಮತ್ತೊಮ್ಮೆ ಹೇಳುವಾಗ ತಲೆ ತಗ್ಗಿಸಿ ಕೇಳಿದ. ಬದಲಾಗಿದ್ದಾನಾ? ನನ್ನನ್ನು ಕೇಳಿದರೆ ನಾನು ಇನ್ನೂ ನಂಬಿಲ್ಲ, ನನ್ನ ಸ್ವಭಾವವೇ ಅಂಥದ್ದು. ಆದರೆ ಮನೆಗೆ ಮರಳಿದ ಮೇಲೆ ನರ್ಸಕ್ಕ ಅದೇ ಪ್ರಶ್ನೆಗಳನ್ನು ಕಾಲರಮ್ಮನಿಗೆ ಮತ್ತೆ ಕೇಳಿದರು. ಹೊರಗೆ ಹೋಗುವಾಗ ಹೇಳಿ ಹೋಗುತ್ತಾಳೆ, ಕೇಳಿ ಹೋಗುವುದಿಲ್ಲ. ಹೊಸ ಫೋನಿನ ಬೀಗ ಅವಳಿಗೊಬ್ಬಳಿಗೇ ಗೊತ್ತು. ಇಂಜೆಕ್ಷನ್ ತಪ್ಪಿಸಿಲ್ಲ. ಹೆದರಿಕೆ ಆಗುತ್ತದೆಯಾ ಎಂದಾಗ, "ಕೆಲವು ಸಲ," ಎಂದಳಂತೆ. ಹಾಗಾಗಿ ನನ್ನ ಮನೆಯ ಒಂದು ಬೀಗದ ಕೈ ಇವತ್ತಿಗೂ ಅವಳ ಹತ್ತಿರವೇ ಇದೆ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ಪೆಟ್ಟು ಬಿದ್ದರೆ ಮಾತ್ರ ಹಿಂಸೆ ಎಂದುಕೊಳ್ಳಬೇಡಿ. ತವರಿಗೆ, ಆಸ್ಪತ್ರೆಗೆ, ಗೆಳತಿಯ ಮನೆಗೆ ನೀವಾಗಿ ಹೋಗಬಲ್ಲಿರಾ? ನಿಮ್ಮ ಫೋನು, ನಿಮ್ಮ ದುಡಿಮೆ ಯಾರ ಕೈಯಲ್ಲಿದೆ? ಮಗು ಯಾವಾಗ ಬೇಕು ಎನ್ನುವುದರಲ್ಲಿ ನಿಮ್ಮ ಮಾತು ನಡೆಯುತ್ತದೆಯೇ? ಯಾರೂ ಪಕ್ಕದಲ್ಲಿ ಇಲ್ಲದ ಹೊತ್ತಿನಲ್ಲಿ ಕೇಳಿಕೊಳ್ಳಿ, ಅವರ ಎದುರು ಕೂತು ಬೇಡ. ಉತ್ತರ ಏನು ಬಂದರೂ ತಪ್ಪು ನಿಮ್ಮದಲ್ಲ. ಬಂದ ಉತ್ತರ ಹಿಡಿದುಕೊಂಡು ಒಬ್ಬರೇ ಜಗಳಕ್ಕೆ ಇಳಿಯಬೇಡಿ. ನಂಬಿಕೆಯ ಒಬ್ಬರಿಗೆ, ಹತ್ತಿರದ ಆರೋಗ್ಯ ಕೇಂದ್ರದ ನರ್ಸಿಗೆ, ಮಹಿಳಾ ಸಹಾಯವಾಣಿಗೆ ಹೇಳಿ. ಅತ್ತೆಯರೇ, ಅಮ್ಮಂದಿರೇ, ಅಕ್ಕಪಕ್ಕದವರೇ, ನಿಮ್ಮ ಕಣ್ಣಿಗೆ ಬಿದ್ದದ್ದನ್ನು ದಯವಿಟ್ಟು ಮುಚ್ಚಬೇಡಿ.

ಎಲ್ಲಕ್ಕಿಂತ ಮೊದಲು ಆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಬೇಡ ಅಂದರೆ ಏನಾಗುತ್ತದೆ? ಯೋಚಿಸುವುದಕ್ಕೇ ಎದೆ ಡವಗುಟ್ಟಿದರೆ, ನಾಳೆಯೇ ಹೋಗಿ ಯಾರಿಗಾದರೂ ಹೇಳಿ.